ಒಂದೇ ಹಾಡಿಗೆ ಒಂದು ಪ್ಲೇಟು ಯಾಕೆ?

ಮನೆಗೆ ಬಂದವರು ಮೊದಲು ಗೋಡೆ ಪಕ್ಕದ ಡಬ್ಬಗಳನ್ನು ನೋಡುತ್ತಾರೆ. ಆಮೇಲೆ ಒಂದು ಗ್ರಾಮಫೋನ್ ಪ್ಲೇಟು ಎತ್ತಿ, ಹಿಂದೆ ಮುಂದೆ ತಿರುಗಿಸುತ್ತಾರೆ. ಆಮೇಲೆ ಆ ಪ್ರಶ್ನೆ ಬಂದೇ ಬರುತ್ತದೆ. "ಅಲ್ಲಪ್ಪಾ, ಇದರಲ್ಲಿ ಇರೋದು ಒಂದೇ ಹಾಡು. ಅದೂ ಫೋನಲ್ಲಿ ಸಿಗುತ್ತೆ. ಬೇಕೇ ಬೇಕು ಅಂದ್ರೆ ಆ ಸಿನಿಮಾದ ಹಾಡೆಲ್ಲ ಇರೋ ದೊಡ್ಡ ಪ್ಲೇಟು, ಎಲ್‌ಪಿ, ತಗೋಬಹುದಲ್ವಾ? ಈ ಚಿಕ್ಕ ಪ್ಲೇಟು ಯಾಕೆ?"

ಮೊದಲೆಲ್ಲ "ಸುಮ್ನೆ, ಇಷ್ಟ" ಅಂತ ಹೇಳಿ ಮಾತು ಬದಲಾಯಿಸುತ್ತಿದ್ದೆ. ಈಗ ಸರಿಯಾದ ಉತ್ತರ ಇದೆ. ಆದರೆ ಉದ್ದ ಇದೆ. ಎದುರಿಗೆ ಹೇಳಲು ಹೊರಟರೆ ಬಂದವರು ಗಡಿಯಾರ ನೋಡಲು ಶುರುಮಾಡುತ್ತಾರೆ. ಅದಕ್ಕೇ ಬರೆದುಬಿಡೋಣ ಅಂತ ಕೂತೆ.

ನಾನು ಕೂಡಿಡುವುದು ಸಿನಿಮಾಕ್ಕೆ ಅಂತಲೇ ಹಾಡಿದ ರಾಕ್ ಹಾಡುಗಳ ವಿನೈಲ್ ಸಿಂಗಲ್‌ಗಳನ್ನು. 7 ಇಂಚಿನ ಪ್ಲೇಟು, ನಿಮಿಷಕ್ಕೆ 45 ಸುತ್ತು, ಮುಂದೊಂದು ಹಾಡು, ಹಿಂದೊಂದು ಹಾಡು. ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದದ್ದು 1949ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಕೊಲಂಬಿಯಾ ಕಂಪನಿ ಎಲ್‌ಪಿ ತಂದಿತ್ತು.

"ಸಿನಿಮಾಕ್ಕೆ ಅಂತಲೇ" ಅನ್ನುವುದರಲ್ಲಿ ನಾನು ಸ್ವಲ್ಪ ಮಡಿ. ಬಿಲ್ ಹೇಲಿಯ 'ರಾಕ್ ಅರೌಂಡ್ ದ ಕ್ಲಾಕ್' ನನ್ನ ಲೆಕ್ಕಕ್ಕೆ ಬರುವುದಿಲ್ಲ. ಅದು ರೆಕಾರ್ಡ್ ಆದದ್ದು 1954ರ ಏಪ್ರಿಲ್‌ನಲ್ಲಿ. ಮೊದಲ ಸಲ ಬಂದಾಗ ಅದು ಬೇರೊಂದು ಹಾಡಿನ ಬೆನ್ನಿಗೆ ಅಂಟಿಕೊಂಡ ಬಿ-ಸೈಡ್. ಮರುವರ್ಷ 'ಬ್ಲ್ಯಾಕ್‌ಬೋರ್ಡ್ ಜಂಗಲ್' ಸಿನಿಮಾದ ಶುರುವಿನಲ್ಲಿ ಹಾಕಿದ ಮೇಲೆ ಅದರ ಹಣೆಬರಹ ಬದಲಾಯಿತು, ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಸ್ಟೆಪನ್‌ವುಲ್ಫ್‌ನ 'ಬಾರ್ನ್ ಟು ಬಿ ವೈಲ್ಡ್' ಕೂಡ ಹಾಗೇ. ಹಾಡು 1968ರದ್ದು, ಅದನ್ನು ಬಳಸಿದ 'ಈಸಿ ರೈಡರ್' 1969ರದ್ದು. ಇವು ಸಿನಿಮಾದಲ್ಲಿ ಬಾಡಿಗೆಗೆ ಇದ್ದ ಹಾಡುಗಳು. ಸಿನಿಮಾದಲ್ಲೇ ಹುಟ್ಟಿದವಲ್ಲ. (ಹೇಲಿಯ ಪ್ಲೇಟು ನನ್ನ ಹತ್ರ ಇದೆ. ಬೇರೆ ಡಬ್ಬದಲ್ಲಿ ಇಟ್ಟಿದ್ದೇನೆ.)

ಇನ್ನು ಉತ್ತರ. ನೀವು ಥಿಯೇಟರಿನಲ್ಲಿ ಕೇಳಿದ್ದು, ಎಲ್‌ಪಿಯಲ್ಲಿ ಇರುವುದು, ಸಿಂಗಲ್‌ನಲ್ಲಿ ಇರುವುದು, ಈ ಮೂರಕ್ಕೂ ಹೆಸರು ಒಂದೇ. ಎಷ್ಟೋ ಸಲ ಹಾಡು ಒಂದೇ ಅಲ್ಲ.

'ಮಿಸೆಸ್ ರಾಬಿನ್ಸನ್' ತಗೊಳ್ಳಿ. 'ದ ಗ್ರ್ಯಾಜುಯೇಟ್' ಸಿನಿಮಾ ಬಂದದ್ದು 1967ರ ಡಿಸೆಂಬರ್‌ನಲ್ಲಿ. ಆಗ ಪಾಲ್ ಸೈಮನ್ ಆ ಹಾಡನ್ನು ಪೂರ್ತಿ ಬರೆದೇ ಇರಲಿಲ್ಲ. ಸಿನಿಮಾದಲ್ಲಿ ಇರುವುದು ತುಣುಕುಗಳು. ಪದ ಇಲ್ಲದ ಕಡೆ "ಡೀ ಡೀ ಡೀ" ಅಂತ ತುಂಬಿದ್ದಾರೆ. ಸಿನಿಮಾದ ಎಲ್‌ಪಿ ತಂದವರಿಗೆ ಸಿಕ್ಕಿದ್ದೂ ಅವೇ ತುಣುಕುಗಳು. ಇಡೀ ಹಾಡು ಸಿಂಗಲ್ ಆಗಿ ಬಂದದ್ದು 1968ರ ಏಪ್ರಿಲ್‌ನಲ್ಲಿ. "ಎಲ್‌ಪಿ ತಗೋಬಹುದಲ್ವಾ" ಅನ್ನುವವರಿಗೆ ನಾನು ಮೊದಲು ಕೈಗೆ ಕೊಡುವ ಪ್ಲೇಟು ಇದೇ.

'ಐ ಆಫ್ ದ ಟೈಗರ್' ಕಥೆ ಬೇರೆ ಥರ. 'ರಾಕಿ 3' ಸಿನಿಮಾಕ್ಕೆ ಸಿಲ್ವೆಸ್ಟರ್ ಸ್ಟಲೋನ್ ಮೊದಲು ಇಟ್ಟುಕೊಂಡಿದ್ದು ಕ್ವೀನ್ ತಂಡದ ಒಂದು ಹಾಡನ್ನು. ಅನುಮತಿ ಸಿಗಲಿಲ್ಲ. ಆಗ ಸರ್ವೈವರ್ ತಂಡಕ್ಕೆ ಹೇಳಿ ಹೊಸದು ಬರೆಸಿದರು. ಅವರು ಕಳಿಸಿದ ಡೆಮೊವನ್ನೇ, ಅಂದರೆ ಮಾದರಿಗೆ ಮಾಡಿದ ಕಚ್ಚಾ ರೆಕಾರ್ಡಿಂಗನ್ನೇ, ಸಿನಿಮಾದಲ್ಲಿ ಹಾಕಿಬಿಟ್ಟರು, ಹುಲಿ ಗುರುಗುಟ್ಟುವ ಸದ್ದಿನ ಸಮೇತ. ಸಿಂಗಲ್‌ನಲ್ಲಿ ಇರುವುದು ಆಮೇಲೆ ನೀಟಾಗಿ ಮಾಡಿದ್ದು. ಅದರಲ್ಲಿ ಹುಲಿ ಇಲ್ಲ. 1982ರಲ್ಲಿ ಆರು ವಾರ ಅಮೆರಿಕದ ಪಟ್ಟಿಯ ತಲೆ ಮೇಲೆ ಕೂತದ್ದು ಈ ಹುಲಿಯಿಲ್ಲದ ಹಾಡು.

ಕ್ವೀನ್‌ನವರ 'ಫ್ಲ್ಯಾಶ್' (1980) ಸಿಂಗಲ್‌ನಲ್ಲಿ ಸಿನಿಮಾದ ಡೈಲಾಗುಗಳನ್ನು ಹಾಡಿನ ನಡುನಡುವೆ ತುರುಕಿದ್ದಾರೆ. ಆಲ್ಬಮಿನಲ್ಲಿ ಇರುವುದು ಇದಕ್ಕಿಂತ ಬೇರೆ. ಎರಡನ್ನೂ ಒಟ್ಟಿಗೆ ಕೇಳಿದ ಗೆಳೆಯನೊಬ್ಬ, ಎರಡರಲ್ಲೂ ಹಾಡಿಗಿಂತ ಗದ್ದಲ ಜಾಸ್ತಿ ಅಂದ. ಅದೂ ನಿಜ.

ಹೀಗೆ ಯಾಕಾಗುತ್ತದೆ ಅಂದರೆ, ಸಿನಿಮಾಕ್ಕೆ ಬೇಕಾದದ್ದು ದೃಶ್ಯದ ಉದ್ದಕ್ಕೆ ಹೊಂದುವ ಹಾಡು. ರೇಡಿಯೊಗೆ ಬೇಕಾದದ್ದು ಮೂರು ಮೂರೂವರೆ ನಿಮಿಷದ್ದು. ಪ್ಲೇಟಿಗೂ ಅದೇ ಅನುಕೂಲ. 7 ಇಂಚಿನ ಪ್ಲೇಟಿನಲ್ಲಿ ಹಾಡು ಉದ್ದವಾದಷ್ಟೂ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಆಗ ಸದ್ದು ಸಣ್ಣದಾಗುತ್ತದೆ. ಬ್ಲಾಂಡಿ ತಂಡದ 'ಕಾಲ್ ಮಿ' ಸೌಂಡ್‌ಟ್ರ್ಯಾಕ್ ಎಲ್‌ಪಿಯಲ್ಲಿ, ಅಂದರೆ ಸಿನಿಮಾದ ಸಂಗೀತದ ಎಲ್‌ಪಿಯಲ್ಲಿ, ಎಂಟು ನಿಮಿಷ ಇದೆ. ಸಿಂಗಲ್‌ನಲ್ಲಿ ಮೂರೂವರೆ. ನನಗೆ ಕೇಳಿದರೆ ಆ ಮೂರೂವರೆಯೇ ಸರಿ.

ಇನ್ನೊಂದು ವಿಷಯ. ಎಷ್ಟೋ ಸಲ ಸಿನಿಮಾಕ್ಕಿಂತ ಮೊದಲೇ ಅಂಗಡಿಗೆ ಬರುತ್ತಿದ್ದದ್ದು ಸಿಂಗಲ್. ಒಂದು ಲೆಕ್ಕದಲ್ಲಿ ಅದು ಸಿನಿಮಾದ ಪೋಸ್ಟರ್. ಎಲ್ವಿಸ್ ಪ್ರೆಸ್ಲಿಯ ಮೊದಲ ಸಿನಿಮಾಕ್ಕೆ ಇಟ್ಟಿದ್ದ ಹೆಸರು 'ದ ರೆನೊ ಬ್ರದರ್ಸ್'. ಅದರ ಒಂದು ಹಾಡಿನ ಸಿಂಗಲ್‌ಗೆ ಬಿಡುಗಡೆಗೆ ಮೊದಲೇ 10 ಲಕ್ಷ ಪ್ರತಿಗಳ ಬೇಡಿಕೆ ಬಂತು. ಸಿನಿಮಾದ ಹೆಸರನ್ನೇ ಕಿತ್ತುಹಾಕಿ ಹಾಡಿನ ಹೆಸರು ಇಟ್ಟರು. 1956ರ 'ಲವ್ ಮಿ ಟೆಂಡರ್' ಹುಟ್ಟಿದ್ದು ಹೀಗೆ. ಬಾಲವೇ ನಾಯಿಯನ್ನು ಅಲ್ಲಾಡಿಸಿತು.

ಈಗ ನನ್ನ ಮೇಜಿನ ಮೇಲೆ ಎರಡು ಪ್ಲೇಟು ಅಕ್ಕಪಕ್ಕ ಇವೆ. ಎರಡೂ ಡೇವಿಡ್ ಬೋವಿಯವು. ಎಡಗಡೆಯದು 1982ರ 'ಕ್ಯಾಟ್ ಪೀಪಲ್'. ಅದೇ ಹೆಸರಿನ ಸಿನಿಮಾಕ್ಕೆ ಜೋರ್ಜಿಯೊ ಮೊರೊಡರ್ ಸಂಗೀತ ಮಾಡಿದ, ಬೋವಿ ಮಾತು ಬರೆದು ಹಾಡಿದ. ಸ್ವಿಟ್ಜರ್ಲೆಂಡಿನ ಮೊಂತ್ರೊದಲ್ಲಿ ರೆಕಾರ್ಡ್ ಆಯಿತು. ಪ್ಲೇಟಿನ ನಡುವಿನ ಲೇಬಲ್ ನೋಡಿದರೆ ಎಂಸಿಎ ಅನ್ನುವ ಕಂಪನಿಯ ಹೆಸರಿದೆ. ಬೋವಿ ಆಗ ಇದ್ದದ್ದು ಆರ್‌ಸಿಎಯಲ್ಲಿ. ಸೌಂಡ್‌ಟ್ರ್ಯಾಕ್ ಯಾರ ಕೈಯಲ್ಲಿತ್ತೋ ಅವರ ಲೇಬಲ್‌ನಲ್ಲಿ ಹಾಡು ಬಂದಿದೆ.

ಬಲಗಡೆಯದು 1983ರ 'ಲೆಟ್ಸ್ ಡಾನ್ಸ್' ಸಿಂಗಲ್. ಆ ಹೊತ್ತಿಗೆ ಬೋವಿ ಇಎಂಐ ಕಂಪನಿ ಸೇರಿದ್ದ. ಪ್ಲೇಟು ತಿರುಗಿಸಿ ನೋಡಿ, ಹಿಂದಿನ ಹಾಡು ಮತ್ತೆ 'ಕ್ಯಾಟ್ ಪೀಪಲ್'! ಅದೇ ಸಾಲು, ಅದೇ ರಾಗ. ಆದರೆ ಸಂಗೀತ ನಿರ್ಮಾಪಕ ನೈಲ್ ರಾಜರ್ಸ್ ಜೊತೆ ಹೊಸದಾಗಿ ರೆಕಾರ್ಡ್ ಮಾಡಿದ್ದು. ಗಿಟಾರ್ ಸ್ಟೀವಿ ರೇ ವಾನ್‌ದು. ಎಡಗಡೆಯದಕ್ಕೆ ಮುಳ್ಳು ಇಟ್ಟರೆ ಬೋವಿಯ ದನಿ ಬಾವಿಯೊಳಗಿಂದ ಬಂದ ಹಾಗೆ ನಿಧಾನಕ್ಕೆ ಮೇಲೆ ಬರುತ್ತದೆ. ಡ್ರಮ್ಸ್‌ಗೆ ಕಾಯಬೇಕು. ಬಲಗಡೆಯದರಲ್ಲಿ ಕಾಯುವ ಮಾತೇ ಇಲ್ಲ, ಎತ್ತಿದ ಕೂಡಲೇ ಓಟ. ಮೊದಲನೆಯದರಲ್ಲಿ ಕತ್ತಲಲ್ಲಿ ಕೂತು ಹಾಡುತ್ತಿದ್ದವನ ಕೋಣೆಗೆ ಎರಡನೆಯದರಲ್ಲಿ ಯಾರೋ ದೀಪ ಹಾಕಿದ್ದಾರೆ. ನನಗೆ ಕತ್ತಲೇ ಇಷ್ಟ.

ಲೇಬಲ್ ಓದುವ ಚಟ ಹತ್ತಿದ ಮೇಲೆ ಇಂಥದ್ದು ಎಲ್ಲೆಲ್ಲೂ ಕಾಣುತ್ತದೆ. 1964ರ 'ಎ ಹಾರ್ಡ್ ಡೇಸ್ ನೈಟ್' ಸಿನಿಮಾಕ್ಕೆ ಯುನೈಟೆಡ್ ಆರ್ಟಿಸ್ಟ್ಸ್ ಅನ್ನುವ ಸಿನಿಮಾ ಕಂಪನಿ ಹಣ ಹಾಕಿದ್ದೇ ಬೀಟಲ್ಸ್ ಹಾಡುಗಳ ಸೌಂಡ್‌ಟ್ರ್ಯಾಕ್ ಎಲ್‌ಪಿ ಸಿಗುತ್ತದೆ ಅನ್ನುವ ಆಸೆಗೆ. ಅಮೆರಿಕದಲ್ಲಿ ಎಲ್‌ಪಿ ಅವರದ್ದಾಯಿತು, ಸಿಂಗಲ್ ಮಾತ್ರ ಕ್ಯಾಪಿಟಲ್ ಕಂಪನಿಯದ್ದು. ಆ ಸಿಂಗಲ್‌ನ ಹಿಂದೆ ಇರುವುದು ಸಿನಿಮಾದಲ್ಲೇ ಇರುವ 'ಐ ಶುಡ್ ಹ್ಯಾವ್ ನೋನ್ ಬೆಟರ್'. ಬ್ರಿಟನ್ನಿನ ಪ್ರತಿಯ ಹಿಂದೆ 'ಥಿಂಗ್ಸ್ ವಿ ಸೆಡ್ ಟುಡೇ' ಇದೆ. ಅದು ಸಿನಿಮಾದಲ್ಲಿ ಇಲ್ಲ. ಹಾಗಾಗಿ ನನ್ನ ಹತ್ರ ಎರಡೂ ಇವೆ.

ಆದರೆ ನನ್ನ ಡಬ್ಬದಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕು ಅಂದರೆ ನಾನು ತೆಗೆದಿಡುವುದು ಪಿಂಕ್ ಫ್ಲಾಯ್ಡ್ ತಂಡದ 'ವೆನ್ ದ ಟೈಗರ್ಸ್ ಬ್ರೋಕ್ ಫ್ರೀ'. 'ದ ವಾಲ್' ಎಲ್‌ಪಿ 1979ರದ್ದು, ಅದರಲ್ಲಿ ಈ ಹಾಡಿಲ್ಲ. ಆ ಎಲ್‌ಪಿಯಿಂದ ಮಾಡಿದ 1982ರ ಸಿನಿಮಾದಲ್ಲಿ ಬಂತು. ತಂಡದ ರೋಜರ್ ವಾಟರ್ಸ್ ಹಸುಗೂಸಾಗಿದ್ದಾಗಲೇ ಅವನ ಅಪ್ಪ 1944ರಲ್ಲಿ ಇಟಲಿಯ ಆನ್‌ಜಿಯೊ ಯುದ್ಧದಲ್ಲಿ ಸತ್ತರು. ಹಾಡು ಅದರದ್ದೇ. ಗಂಡಸರ ಕೋರಸ್ ಹಿಂದೆ ಗುನುಗುತ್ತದೆ, ವಾಟರ್ಸ್ ಕಾಗದ ಓದಿದ ಹಾಗೆ ಹಾಡುತ್ತಾನೆ. ಸಿನಿಮಾದಲ್ಲಿ ಎರಡು ತುಂಡಾಗಿ ಬೇರೆ ಬೇರೆ ಕಡೆ ಬರುವುದು ಸಿಂಗಲ್‌ನಲ್ಲಿ ಒಂದೇ ಹಾಡಾಗಿ ಸೇರಿದೆ. ಮೂರು ನಿಮಿಷವೂ ಇಲ್ಲ.

ತಮಾಷೆ ಇರುವುದು ಲೇಬಲ್ ಮೇಲೆ. 'ದ ಫೈನಲ್ ಕಟ್' ಆಲ್ಬಮಿನ ಹಾಡು ಅಂತ ಅಚ್ಚು ಹಾಕಿದ್ದಾರೆ. ಆ ಆಲ್ಬಮ್ 1983ರಲ್ಲಿ ಬಂತು. ತೆಗೆದು ನೋಡಿದರೆ ಹಾಡೇ ಇಲ್ಲ! 2001ರ ಒಂದು ಸಂಕಲನಕ್ಕೆ ಸೇರುವವರೆಗೂ ಈ ಹಾಡು ಕೇಳಬೇಕಾದರೆ ಒಂದೋ ಸಿನಿಮಾ ಹಾಕಬೇಕಿತ್ತು, ಇಲ್ಲ ಈ ಪ್ಲೇಟು. 'ದ ಫೈನಲ್ ಕಟ್'ಗೆ ಅದನ್ನು ಸೇರಿಸಿದ್ದು 2004ರ ಮರುಬಿಡುಗಡೆಯಲ್ಲಿ. ಲೇಬಲ್‌ನ ಮಾತು ನಿಜವಾಗಲು ಇಪ್ಪತ್ತೆರಡು ವರ್ಷ ಬೇಕಾಯಿತು. ಪ್ಲೇಟನ್ನು ದೀಪಕ್ಕೆ ಹಿಡಿದು ಆ ಸಾಲು ಓದುವಾಗೆಲ್ಲ ನನಗೆ ನಗು ಬರುತ್ತದೆ. ಹಾಡು ಶುರುವಾದ ಮೇಲೆ ಬರುವುದಿಲ್ಲ.

ಬಿ-ಸೈಡ್ ಬಗ್ಗೆಯೇ ಒಂದು ಬರಹ ಬರೆಯಬಹುದು. ಬಾಬ್ ಡಿಲನ್‌ನ 'ನಾಕಿಂಗ್ ಆನ್ ಹೆವೆನ್ಸ್ ಡೋರ್' (1973) ಗೊತ್ತಿಲ್ಲದವರು ಕಡಿಮೆ. ಅದರ ಹಿಂದೆ 'ಟರ್ಕಿ ಚೇಸ್' ಅಂತ ಒಂದು ಇದೆ. ಅದೂ 'ಪ್ಯಾಟ್ ಗ್ಯಾರೆಟ್ ಅಂಡ್ ಬಿಲ್ಲಿ ದ ಕಿಡ್' ಅನ್ನುವ ಅದೇ ಸಿನಿಮಾದ್ದು. ಮಾತಿಲ್ಲ, ಬರೀ ವಾದ್ಯ. ಮುಂದೆ ಸಾವು, ಹಿಂದೆ ಕೋಳಿ ಓಡಿಸುವ ಆಟ. ಡುರಾನ್ ಡುರಾನ್‌ನ 'ಎ ವ್ಯೂ ಟು ಎ ಕಿಲ್' (1985) ಹಿಂದೆ ಜಾನ್ ಬ್ಯಾರಿಯ ವಾದ್ಯಸಂಗೀತ ಇದೆ. ಬಾಂಡ್ ಹಾಡುಗಳಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದದ್ದು ಅದೊಂದೇ. ನಾನು ಹಾಕುವುದು ಹಿಂಬದಿಯನ್ನೇ ಜಾಸ್ತಿ.

ರೇಡಿಯೊದವರಿಗೆ ಕಳಿಸುತ್ತಿದ್ದ ಪ್ರತಿಗಳೂ ಸಿಗುತ್ತವೆ. ಎಷ್ಟೋ ಸಲ ಬಿಳಿ ಲೇಬಲ್, ಮಾರಾಟಕ್ಕಲ್ಲ ಅನ್ನುವ ಅಚ್ಚು. ಅಮೆರಿಕದವುಗಳಲ್ಲಿ ಹೆಚ್ಚಿನವಕ್ಕೆ ಎರಡೂ ಕಡೆ ಒಂದೇ ಹಾಡು, ಒಂದು ಕಡೆ ಮೋನೊ, ಇನ್ನೊಂದು ಕಡೆ ಸ್ಟೀರಿಯೊ. ಕೆಲವರು ಇವನ್ನೇ ಹುಡುಕಿಕೊಂಡು ಹೋಗುತ್ತಾರೆ. ನನಗೆ ಬೇಡ. ಬಿ-ಸೈಡ್ ಇಲ್ಲದ್ದು ಅರ್ಧ ಪ್ಲೇಟು.

ಡಿಲನ್ ಅಂದಾಗ ನನ್ನ ಪೆದ್ದತನ ನೆನಪಾಯಿತು. ಅಮೆರಿಕದ ಸಿಂಗಲ್‌ಗಳಿಗೆ ನಡುವಿನ ತೂತು ದೊಡ್ಡದು, ಒಂದೂವರೆ ಇಂಚು. ಆರ್‌ಸಿಎಯವರು ಒಂದಾದ ಮೇಲೆ ಒಂದು ಪ್ಲೇಟು ತಾನೇ ಬೀಳುವ ಯಂತ್ರ ಮಾಡಿದ್ದರು. ಆ ಬೀಳಿಸುವ ಸಾಮಾನೆಲ್ಲ ದಪ್ಪ ಕಂಬದೊಳಗೆ ಕೂತಿತ್ತು. ಅದಕ್ಕೇ ಆ ತೂತು. ಇವತ್ತಿನ ಪ್ಲೇಯರಿಗೆ ನಡುವೆ ಒಂದು ಬಿಲ್ಲೆ ಹಾಕಬೇಕು. ಡಿಲನ್ ಪ್ಲೇಟು ಬಂದ ದಿನ ನನ್ನ ಹತ್ರ ಬಿಲ್ಲೆ ಇರಲಿಲ್ಲ. ತಡೆಯಲಾಗಲಿಲ್ಲ. ಕಣ್ಣಳತೆಯಲ್ಲಿ ನಡುವಿಗೆ ಇಟ್ಟು ಮುಳ್ಳು ಬಿಟ್ಟೆ. ದನಿ ಒಮ್ಮೆ ಏರುತ್ತೆ, ಒಮ್ಮೆ ಇಳಿಯುತ್ತೆ, ಕುಡಿದವನ ಹಾಗೆ ತೂರಾಡುತ್ತೆ. ಸ್ವರ್ಗದ ಬಾಗಿಲು ತಟ್ಟಲು ಹೋದವನಿಗೆ ಬಾಗಿಲೇ ಸಿಗದ ಹಾಗಿತ್ತು.

ಕೊಳ್ಳುವವರಿಗೆ ಎರಡು ಮಾತು. ಮಾರುವವರು "ಗುಡ್" ಅಂತ ಬರೆದಿದ್ದರೆ ಅದು ಚೆನ್ನಾಗಿಲ್ಲ ಅಂತ ಅರ್ಥ. ಈ ವ್ಯಾಪಾರದ ಭಾಷೆಯೇ ಹಾಗೆ. "ವೆರಿ ಗುಡ್" ಅಂದರೆ ಗೀರು ಕೇಳಿಸುತ್ತದೆ ಅಂತ. ಅದರ ಮುಂದೆ ಪ್ಲಸ್ ಗುರುತು ಇದ್ದರೆ ನೋಡಬಹುದು. ಇನ್ನೊಂದು, ಅಮೆರಿಕದ ಎಷ್ಟೋ ಸಿಂಗಲ್‌ಗಳು ವಿನೈಲ್ ಅಲ್ಲವೇ ಅಲ್ಲ. ಸ್ಟೈರೀನ್ ಅನ್ನುವ ಅಗ್ಗದ ಪ್ಲಾಸ್ಟಿಕ್ಕು. ಅದು ಬಾಗುವುದಿಲ್ಲ, ಲೇಬಲ್ ಅಂಟಿನಲ್ಲಿ ಅಂಟಿಸಿರುತ್ತಾರೆ. ಸವೆದ ಮುಳ್ಳಿನಲ್ಲಿ ನಾಲ್ಕು ಸಲ ಹಾಕಿದರೆ ಸರ ಸರ ಅನ್ನಲು ಶುರು. ಹೊಳಪು ನೋಡಿ ಮೋಸ ಹೋಗಬೇಡಿ. ನಾನು ಹೋಗಿದ್ದೇನೆ.

ಈಗ ಹುಡುಕುತ್ತಿರುವುದು 'ಕಾಲ್ ಮಿ'ಯ ಬ್ರಿಟನ್ ಪ್ರತಿ. ಬ್ಲಾಂಡಿ ಇದ್ದದ್ದು ಕ್ರಿಸಲಿಸ್ ಕಂಪನಿಯಲ್ಲಿ. ಸೌಂಡ್‌ಟ್ರ್ಯಾಕ್ ಪಾಲಿಡೋರ್ ಕೈಯಲ್ಲಿದ್ದದ್ದಕ್ಕೆ ಅಮೆರಿಕದ ಸಿಂಗಲ್ ಪಾಲಿಡೋರ್‌ದು. ಬ್ರಿಟನ್ನಿನದು ಕ್ರಿಸಲಿಸ್. ಪಾಲಿಡೋರ್ ಪ್ರತಿ ನನ್ನ ಹತ್ರ ಇದೆ. ಇನ್ನೊಂದನ್ನು ಎರಡು ಸಲ ತರಿಸಿದೆ. ಮೊದಲ ಸಲ ಕವರ್ ಸರಿ ಇತ್ತು, ಒಳಗೆ ಬೇರೆ ಯಾರದೋ ಪ್ಲೇಟು. ಎರಡನೇ ಸಲ ಪ್ಲೇಟು ಸರಿ ಇತ್ತು, ಅಂಚಿನಿಂದ ಲೇಬಲ್‌ವರೆಗೆ ಬಿರುಕು. ಮೂರನೆಯದು ದಾರಿಯಲ್ಲಿದೆ.

ಎರಡರಲ್ಲೂ ಹಾಡು ಒಂದೇ ಅಲ್ವಾ, ಮತ್ತೆ ಎರಡು ಯಾಕೆ ಅಂತೀರಾ? ಅದು ಬೇರೆ ಪ್ರಶ್ನೆ.