ಹಸ್ದೇವ್ ದಂಡೆಯ ಮರುವಾಯಿ

ಕಲ್ಲಿದ್ದಲು ಗಣಿಯ ಸರ್ವೆ ಕೆಲಸಕ್ಕೆ ಚಿರಿಮಿರಿಗೆ ಬಂದು ಒಂಬತ್ತು ವರ್ಷವಾಯಿತು. ಈ ಬೇಸಿಗೆಯಲ್ಲಿ ಮಂಗಳೂರಿನಿಂದ ಬಂದ ಅಮ್ಮನನ್ನು ಮನೇಂದ್ರಗಢಕ್ಕೆ, ಹಸ್ದೇವ್ ನದಿಯ ದಂಡೆಗೆ ಕರೆದುಕೊಂಡು ಹೋದೆ. ಅಮ್ಮ ಕುಕ್ಕರಗಾಲಿನಲ್ಲಿ ಕುಳಿತು, ಬಂಡೆಯಲ್ಲಿ ಹುದುಗಿದ್ದ ಚಿಪ್ಪಿನ ಗುರುತೊಂದರ ಮೇಲೆ ಬೆರಳಾಡಿಸಿದರು. "ಇದು ನಮ್ಮ ಕಡಲತೀರದ ಮರುವಾಯಿ ಚಿಪ್ಪಿನ ಹಾಗೇ ಇದೆಯಲ್ಲ! ಇಲ್ಲಿಗೆ ಹೇಗೆ ಬಂತು?"

ಛತ್ತೀಸ್‌ಗಢದ ಈ ಊರಿಂದ ಸಮುದ್ರ ಸುಮಾರು 500 ಕಿಲೋಮೀಟರ್ ದೂರ. ಆದರೂ ಅಮ್ಮನ ಕಣ್ಣು ತಪ್ಪಿರಲಿಲ್ಲ. ಇಲ್ಲಿರುವುದು ಯೂರಿಡೆಸ್ಮಾದಂಥ ದಪ್ಪ ಚಿಪ್ಪಿನ, ತಣ್ಣೀರಿನ ಸಮುದ್ರಜೀವಿಗಳ ಪಳೆಯುಳಿಕೆ. ವಯಸ್ಸು ಹತ್ತಿರ ಹತ್ತಿರ 28 ಕೋಟಿ ವರ್ಷ.

ಬಂದವರೆಲ್ಲ ಚಿಪ್ಪಿನ ಫೋಟೋ ತೆಗೆಯುತ್ತಾರೆ. ನನಗೆ ಹೆಚ್ಚು ಇಷ್ಟ ಅದರ ಕೆಳಗಿನ ಪದರ. ಹಸಿರು ಛಾಯೆಯ ನುಣುಪು ಮಣ್ಣುಕಲ್ಲಿನಲ್ಲಿ ನೆಲ್ಲಿಕಾಯಿ ಗಾತ್ರದ ಹರಳೂ ರುಬ್ಬುಗುಂಡಿನಷ್ಟು ದೊಡ್ಡ ಕಲ್ಲೂ ಒಟ್ಟಿಗೇ ಸಿಕ್ಕಿಕೊಂಡಿರುತ್ತವೆ. ನದಿಯ ಕೆಲಸ ಹೀಗಿರುವುದಿಲ್ಲ. ನೀರು ಜರಡಿ ಹಿಡಿದಂತೆ ದಪ್ಪ ಕಲ್ಲನ್ನು ಮೊದಲು ಬಿಟ್ಟು, ಮರಳನ್ನು ಮುಂದೆ ಒಯ್ದು, ಜೇಡಿಯನ್ನು ಕೊನೆಗೆ ಇಳಿಸುತ್ತದೆ. ಹಿಮನದಿಗೆ ಆ ಭೇದವಿಲ್ಲ. ಸಿಕ್ಕಿದ್ದನ್ನೆಲ್ಲ ಹೊತ್ತು ತಂದು, ಕರಗಿದಲ್ಲಿ ಸುರಿಯುತ್ತದೆ. ದಾರಿಯಲ್ಲಿ ಕಲ್ಲಿಗೆ ಕಲ್ಲು ಉಜ್ಜಿ ಮೈಮೇಲೆ ಗೀರುಗಳು ಬೀಳುತ್ತವೆ. ಒಡಿಶಾದ ತಾಲ್ಚೇರಿನಲ್ಲಿ ಇಂಥದೇ ಪದರವನ್ನು ನೋಡಿದ ಭೂವಿಜ್ಞಾನಿಗಳಾದ ಬ್ಲಾನ್‌ಫೋರ್ಡ್ ಸಹೋದರರು ಇದು ಹಿಮದ ಕೆಲಸವಿರಬೇಕೆಂದು 1856ರಲ್ಲಿಯೇ ಹೇಳಿದರು. ಉರಿಬಿಸಿಲಿನ ನಾಡಿನಲ್ಲಿ ನಿಂತು, ಬರಿಯ ಕಲ್ಲನ್ನು ನಂಬಿ ಹಾಗೆ ಹೇಳಲು ಎಷ್ಟು ಧೈರ್ಯ ಬೇಕು!

ಆ ಚಿಪ್ಪುಗಳ ಕಾಲದಲ್ಲಿ ನಮ್ಮ ನೆಲ ಗೊಂಡ್ವಾನಾ ಎಂಬ ಹಳೆಯ ಮಹಾಖಂಡದ ಭಾಗವಾಗಿ ದಕ್ಷಿಣ ಧ್ರುವದ ಕಡೆಗಿತ್ತು. ಹಿಮ ಕರಗಿದ ನೀರು ಕಡಲು ಸೇರಿ ಕಡಲಮಟ್ಟ ಏರಿತು. ಹಿಮದ ಭಾರಕ್ಕೆ ಕುಸಿದ ನೆಲ ಮತ್ತೆ ಮೇಲೇಳುವುದು ನಿಧಾನ. ಅಷ್ಟರೊಳಗೆ ತಗ್ಗಿಗೆ ಉಪ್ಪುನೀರು ನುಗ್ಗಿತು, ಜೊತೆಗೆ ಚಿಪ್ಪಿನ ಜೀವಿಗಳೂ ಬಂದವು. ಕಡಲು ಹಿಂದೆ ಸರಿದ ಎಷ್ಟೋ ಕಾಲದ ಮೇಲೆ ಬೆಳೆದ, ಈಗ ಅಳಿದುಹೋಗಿರುವ ಗ್ಲಾಸಾಪ್ಟೆರಿಸ್ ಮರಗಳ ಕಾಡುಗಳೇ ನಾನು ದಿನವೂ ಅಳೆಯುವ ಕಲ್ಲಿದ್ದಲು.

ಇಷ್ಟನ್ನೂ ಅಮ್ಮನಿಗೆ ಹೇಳಿದೆ. ಅವರು ಬಾಟಲಿಯಿಂದ ಒಂದಿಷ್ಟು ನೀರು ಸುರಿದರು. ಚಿಪ್ಪಿನ ಬಳೆಯಂಥ ಗೆರೆಗಳು ಒಂದೊಂದಾಗಿ ಎದ್ದು ಕಂಡವು. ಬಂಡೆ ಕಾದಿತ್ತು, ನಾವು ನೋಡುತ್ತಿದ್ದಂತೆಯೇ ನೀರು ಆರಿತು. ಅಮ್ಮ ಇನ್ನೊಮ್ಮೆ ಸುರಿದರು.