ಯೂರೋಪಿಗೆಲ್ಲ ಒಂದೇ ಪೇಟೆಂಟ್ ಸಾಕಾ?

ನಾನು ಪೇಟೆಂಟ್ ಕೆಲಸ ಮಾಡುವವನು ಅಂತ ಗೊತ್ತಾದ ಕೂಡಲೇ ಬೆಂಗಳೂರಿನ ಸ್ಟಾರ್ಟಪ್ ಹುಡುಗರು ಕೇಳುವ ಪ್ರಶ್ನೆ ಇದು: "ಸಾರ್, ಯೂರೋಪಿನಲ್ಲಿ ಒಂದು ಪೇಟೆಂಟ್ ತಗೊಂಡ್ರೆ ಅಲ್ಲಿನ ಎಲ್ಲ ದೇಶಕ್ಕೂ ಆಗುತ್ತಲ್ವಾ?"

ಎಲ್ಲ ದೇಶಕ್ಕೂ ಆಗಲ್ಲ. ಅರ್ಜಿ ಒಂದೇ, ಪರಿಶೀಲನೆಯೂ ಒಂದೇ. ಮ್ಯೂನಿಕ್‌ನಲ್ಲಿರುವ ಯೂರೋಪಿಯನ್ ಪೇಟೆಂಟ್ ಆಫೀಸು 1978ರಿಂದ ಈ ಕೆಲಸ ಮಾಡುತ್ತಿದೆ. ಅದು ಯೂರೋಪಿಯನ್ ಯೂನಿಯನ್ನಿನ ಕಚೇರಿ ಅಲ್ಲ. ಅದರಲ್ಲಿರುವ 39 ದೇಶಗಳಲ್ಲಿ ಟರ್ಕಿ, ಸ್ವಿಟ್ಜರ್ಲೆಂಡ್, ಬ್ರಿಟನ್ ಕೂಡ ಇವೆ. ಆದರೆ ಹಳೆಯ ದಾರಿಯಲ್ಲಿ, ಮಂಜೂರಾದ ಮೇಲೆ ಆ ಒಂದು ಪೇಟೆಂಟ್ ದೇಶಕ್ಕೊಂದರಂತೆ ಒಡೆದು ಹೋಗುತ್ತದೆ. ವರ್ಷವರ್ಷದ ಶುಲ್ಕ ಬೇರೆ, ಕೆಲವು ಕಡೆ ಅನುವಾದ ಬೇರೆ, ಜಗಳ ಬಂದರೆ ಕೋರ್ಟೂ ಬೇರೆ.

ಕೋರ್ಟ್ ಬೇರೆಯಾದರೆ ಏನಾಗುತ್ತೆ ಅನ್ನುವುದಕ್ಕೆ ಎಪಿಲೇಡಿ ಪ್ರಕರಣ ನೋಡಿ. ಕಾಲಿನ ಕೂದಲು ಕೀಳುವ ಪುಟ್ಟ ಯಂತ್ರ ಅದು. ಬಾಗಿಸಿದ ಒಂದು ಸ್ಪ್ರಿಂಗ್ ಮೋಟರಿನಿಂದ ಗರಗರ ತಿರುಗುತ್ತದೆ, ಹೊರಬದಿಯಲ್ಲಿ ಸ್ಪ್ರಿಂಗಿನ ಸುರುಳಿಗಳು ಬಿಚ್ಚಿಕೊಂಡು ಕೂದಲನ್ನು ಒಳಗೆ ಬಿಡುತ್ತವೆ, ಒಳಬದಿಗೆ ಬಂದಾಗ ಮುಚ್ಚಿಕೊಂಡು ಹಿಡಿದು ಕೀಳುತ್ತವೆ. ರೆಮಿಂಗ್ಟನ್ ಕಂಪನಿ ಸ್ಪ್ರಿಂಗ್ ಬಿಟ್ಟು, ಸೀಳುಗಳಿರುವ ರಬ್ಬರ್ ಕೋಲು ಹಾಕಿ ಅದೇ ಕೆಲಸ ಮಾಡಿಸಿತು. ಪೇಟೆಂಟಿನಲ್ಲಿ ಬರೆದಿರುವುದು ಸ್ಪ್ರಿಂಗ್, ರಬ್ಬರ್ ಕೋಲು ಅದರೊಳಗೆ ಬರಲ್ಲ ಅಂತ 1989ರಲ್ಲಿ ಲಂಡನ್ ಕೋರ್ಟ್ ಹೇಳಿತು. ಬರುತ್ತದೆ, ಇದು ಉಲ್ಲಂಘನೆಯೇ ಅಂತ ಡ್ಯೂಸೆಲ್‌ಡಾರ್ಫ್ ಕೋರ್ಟ್ ಹೇಳಿತು. ಪೇಟೆಂಟ್ ಅದೇ, ರಬ್ಬರ್ ಕೋಲೂ ಅದೇ! ಹಣ ಸುರಿದು ಎರಡೆರಡು ಕಡೆ ಹೋರಾಡಿದವರ ಸ್ಥಿತಿ ಯೋಚಿಸಿ.

ಈ ತಲೆನೋವಿಗೆ ಮದ್ದಾಗಿ 2023ರ ಜೂನ್ 1ರಂದು ಏಕೀಕೃತ ಪೇಟೆಂಟ್ ಮತ್ತು ಅದಕ್ಕೆ ತಕ್ಕ ಹೊಸ ಕೋರ್ಟ್ ಶುರುವಾದವು. 17 ದೇಶಗಳಿದ್ದವು, 2024ರ ಸೆಪ್ಟೆಂಬರಿನಲ್ಲಿ ರೊಮೇನಿಯಾ ಸೇರಿ 18 ಆದವು. ಒಂದು ತೀರ್ಪು ಬಂದರೆ ಅಷ್ಟೂ ದೇಶಗಳಲ್ಲಿ ಎದುರಾಳಿಯ ಮಾಲು ನಿಲ್ಲುತ್ತದೆ. ಆದರೆ ಸ್ಪೇನ್, ಪೋಲೆಂಡ್, ಐರ್ಲೆಂಡ್ ಇದರಲ್ಲಿ ಇಲ್ಲ, ಬ್ರಿಟನ್ ಅಂತೂ ಇಲ್ಲವೇ ಇಲ್ಲ. ಇನ್ನೊಂದು ವಿಷಯ ಜಾಸ್ತಿ ಮುಖ್ಯ: ಪೇಟೆಂಟ್ ರದ್ದಾದರೂ ಅಷ್ಟೂ ದೇಶಗಳಲ್ಲಿ ಒಂದೇ ಏಟಿಗೆ ರದ್ದು. ಅದಕ್ಕೇ ಹಳೆಯ ದಾರಿಯ ಪೇಟೆಂಟ್ ಇಟ್ಟುಕೊಂಡವರು ಹೊಸ ಕೋರ್ಟಿನಿಂದ ಹೊರಗಿರುತ್ತೇವೆ ಅಂತ ಅರ್ಜಿ ಕೊಡಬಹುದು. ಏಕೀಕೃತ ಪೇಟೆಂಟಿಗೆ ಆ ಅವಕಾಶ ಇಲ್ಲ. ಮಂಜೂರಾದ ಒಂದೇ ತಿಂಗಳಲ್ಲಿ ಏಕೀಕೃತ ಬೇಕಾ ಬೇಡವಾ ತೀರ್ಮಾನ ಮಾಡಿಬಿಡಬೇಕು.

ನನ್ನನ್ನು ಕೇಳಿದರೆ, ಮೊದಲು ನಿಮ್ಮ ಎದುರಾಳಿ ಎಲ್ಲಿದ್ದಾನೆ ನೋಡಿ. ಅವನ ಫ್ಯಾಕ್ಟರಿ ಎಲ್ಲಿ, ಗೋದಾಮು ಎಲ್ಲಿ, ಮಾಲು ಇಳಿಯುವುದು ರಾಟರ್‌ಡ್ಯಾಮಿನಲ್ಲೋ ಹ್ಯಾಂಬರ್ಗಿನಲ್ಲೋ? ಏಕೀಕೃತ ಪೇಟೆಂಟಿನ ನವೀಕರಣ ಶುಲ್ಕವನ್ನು ಹೆಚ್ಚುಕಡಿಮೆ ನಾಲ್ಕು ದೇಶಗಳ ಲೆಕ್ಕದಲ್ಲಿ ಇಟ್ಟಿದ್ದಾರೆ. ನಿಮಗೆ ಬೇಕಾಗಿರುವುದು ಜರ್ಮನಿ, ಫ್ರಾನ್ಸ್ ಎರಡೇ ಆದರೆ ಸುಮ್ನೆ ಜಾಸ್ತಿ ಯಾಕೆ ಕಟ್ಟಬೇಕು? ಏಳೆಂಟು ದೇಶ ಬೇಕಾದರೆ ಏಕೀಕೃತವೇ ಸರಿ. ಇಂಗ್ಲಿಷಿನಲ್ಲಿ ಅರ್ಜಿ ಹಾಕಿದವರು ಅದಕ್ಕೆ ಇನ್ನೊಂದು ಭಾಷೆಯ ಅನುವಾದ ಕೊಡಲೇಬೇಕು. ಅದನ್ನು ಸ್ಪ್ಯಾನಿಷಿನಲ್ಲಿ ಮಾಡಿಸಿ, ಸ್ಪೇನಿನಲ್ಲಿ ಬೇರೆಯಾಗಿ ನೋಂದಾಯಿಸುವಾಗ ಅದೇ ಕೆಲಸಕ್ಕೆ ಬರುತ್ತದೆ.

ಎದುರಾಳಿಯ ಊರು ಈಗ ಇನ್ನೂ ಮುಖ್ಯ. 2025ರ ಫೆಬ್ರುವರಿ 25ರಂದು ಲಕ್ಸೆಂಬರ್ಗಿನ ಯೂರೋಪಿಯನ್ ಯೂನಿಯನ್ ಕೋರ್ಟ್, ಬಿಎಸ್‌ಎಚ್ ಮತ್ತು ಎಲೆಕ್ಟ್ರೋಲಕ್ಸ್ ನಡುವಿನ ವ್ಯಾಕ್ಯೂಮ್ ಕ್ಲೀನರ್ ಜಗಳದಲ್ಲಿ ದೊಡ್ಡ ತೀರ್ಪು ಕೊಟ್ಟಿತು. ಎಲೆಕ್ಟ್ರೋಲಕ್ಸ್ ಸ್ವೀಡನ್ನಿನ ಕಂಪನಿ, ಹಾಗಾಗಿ ಬೇರೆ ದೇಶಗಳಲ್ಲಿ ಆದ ಉಲ್ಲಂಘನೆಯ ಕೇಸನ್ನೂ ಸ್ವೀಡನ್ನಿನ ಕೋರ್ಟೇ ಕೇಳಬಹುದು. "ಆ ಪೇಟೆಂಟೇ ಸರಿಯಿಲ್ಲ" ಅಂತ ಪ್ರತಿವಾದಿ ಹೇಳಿದ ಮಾತ್ರಕ್ಕೆ ಕೇಸು ಕೈತಪ್ಪುವುದಿಲ್ಲ. ಯೂನಿಯನ್ನಿನ ಬೇರೆ ದೇಶದ ಪೇಟೆಂಟನ್ನು ರದ್ದು ಮಾಡುವ ಅಧಿಕಾರ ಮಾತ್ರ ಆಯಾ ದೇಶಕ್ಕೇ ಉಳಿಯಿತು. ಟರ್ಕಿಯಂಥ ಹೊರಗಿನ ದೇಶದ ಪೇಟೆಂಟಾದರೆ, ಅದು ಸರಿಯಿದೆಯಾ ಅನ್ನುವುದನ್ನೂ ಆ ಇಬ್ಬರ ಮಟ್ಟಿಗೆ ಸ್ವೀಡನ್ನಿನ ಕೋರ್ಟ್ ನೋಡಬಹುದು. ಸಣ್ಣ ಕಂಪನಿಗೆ ಇದರಿಂದ ಎಷ್ಟು ಖರ್ಚು ಉಳಿಯಬಹುದು ಯೋಚಿಸಿ, ಹತ್ತು ಕಡೆ ವಕೀಲರನ್ನು ಇಡುವುದು ಯಾರಿಗೆ ಸಾಧ್ಯ?

ಇದೆಲ್ಲ ಆಮೇಲಿನ ಮಾತು. ಅರ್ಜಿ ಹಾಕುವ ಮೊದಲೇ ಎಕ್ಸ್‌ಪೋದಲ್ಲಿ ಡೆಮೋ ಕೊಟ್ಟು, ವೀಡಿಯೋ ಹಾಕಿ ಬಂದವರಿಗೆ ನಾನು ಏನೂ ಮಾಡಲಾರೆ. ನಿಮ್ಮದೇ ಡೆಮೋ ಆದರೂ, ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ಅದರಿಂದ ಗೊತ್ತಾದರೆ ಯೂರೋಪಿನಲ್ಲಿ ಅದು ಹೊಸತು ಅಂತ ಆಗುವುದಿಲ್ಲ. ಇಲ್ಲಿ ವಾಸವಾಗಿರುವವರು ನೇರವಾಗಿ ಮ್ಯೂನಿಕ್‌ಗೆ ಹೋಗುವಂತೆಯೂ ಇಲ್ಲ. ನಮ್ಮ ಕಾಯಿದೆಯ 39ನೇ ಸೆಕ್ಷನ್ ಪ್ರಕಾರ ಒಂದೋ ಅನುಮತಿ ತೆಗೆದುಕೊಳ್ಳಬೇಕು, ಇಲ್ಲ ಮೊದಲು ಇಲ್ಲೇ ಅರ್ಜಿ ಹಾಕಿ ಆರು ವಾರ ಕಾಯಬೇಕು. ಇಲ್ಲಿ ಹಾಕಿದ ದಿನದಿಂದ 12 ತಿಂಗಳೊಳಗೆ ಹೊರದೇಶದಲ್ಲಿ ಹಾಕಿದರೆ ಆ ಮೊದಲ ತಾರೀಖೇ ಅಲ್ಲೂ ಲೆಕ್ಕಕ್ಕೆ ಬರುತ್ತದೆ.