ಸೋಲ್ ಸಂಗೀತವನ್ನ ಈಗ ಯಾರು ಕೇಳ್ತಾರೆ?

ಹಳೇ ಅಮೆರಿಕನ್ ಹಾಡುಗಳ ಮಾತು ತೆಗೆದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ನನ್ನ ಉತ್ತರ ಇಷ್ಟೇ: ನೀವೇ ಕೇಳ್ತಿದ್ದೀರಿ, ಗೊತ್ತಾಗ್ತಿಲ್ಲ.

ಸೋಲ್ ಹುಟ್ಟಿದ್ದು ಅಮೆರಿಕದ ಕಪ್ಪು ಜನರ ಚರ್ಚುಗಳ ಗಾಸ್ಪೆಲ್ ಅನ್ನೋ ಭಕ್ತಿ ಹಾಡಿನಿಂದ. ಅಲ್ಲಿ ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾ ಉತ್ತರ ಕೊಡುತ್ತಾರೆ. ನಮ್ಮ ಭಜನೆಯ ಹಾಗೇ. 1954ರಲ್ಲಿ ಗಾಯಕ ರೇ ಚಾರ್ಲ್ಸ್ ಅಂಥದ್ದೊಂದು ಹಾಡಿನ ಧಾಟಿ ಹಿಡಿದು, ಯೇಸುವಿನ ಜಾಗಕ್ಕೆ ಪ್ರೇಯಸಿಯನ್ನು ತಂದರು. ಅದೇ ‘ಐ ಗಾಟ್ ಎ ವುಮನ್’. ಹಾಡು ಗೆದ್ದಿತು. ದೇವರ ಹಾಡು ಕೆಡಿಸಿದ ಅಂತ ಬೈಗುಳವೂ ಬಂತು. ಗಾಸ್ಪೆಲ್ ತಂಡದಲ್ಲಿದ್ದ ಗಾಯಕ ಸ್ಯಾಮ್ ಕುಕ್ ಅಂತೂ ಇಂಥ ಬೈಗುಳಕ್ಕೆ ಹೆದರಿ ಮೊದಲ ಪಾಪ್ ಹಾಡನ್ನು ‘ಡೇಲ್ ಕುಕ್’ ಅನ್ನೋ ಹೆಸರಲ್ಲಿ ಬಿಟ್ಟರು. ಆ ದನಿಯನ್ನು ಮುಚ್ಚಿಡೋಕಾಗುತ್ತಾ?

ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಬಿಡಿ. ನನಗೆ ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿ ಇಷ್ಟ. ಹಳೇ ಟಾಕೀಸನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಸೀಟು ಕಿತ್ತರೂ ಇಳಿಜಾರು ನೆಲ ಹಾಗೇ ಉಳಿಯಿತು. ಕಪ್ಪು-ಬಿಳಿ ಭೇದ ಊರ ತುಂಬ ಇದ್ದ ಕಾಲದಲ್ಲಿ ಆ ನೆಲದ ಮೇಲೆ ಇಬ್ಬರೂ ಸೇರಿ ನುಡಿಸಿದರು.

ಅಲ್ಲಿಂದ ಮುಂದೆ ಇದು ಎಲ್ಲೆಲ್ಲಿ ಹೋಯಿತು ನೋಡಿ. ಜಮೈಕಾದ ರೆಗ್ಗೆ ಗಾಯಕ ಬಾಬ್ ಮಾರ್ಲಿ 1977ರಲ್ಲಿ ಹಾಡಿದ ‘ಒನ್ ಲವ್’ನಲ್ಲಿ ಸೋಲ್ ಗಾಯಕ ಕರ್ಟಿಸ್ ಮೇಫೀಲ್ಡ್ ಹಾಡೂ ಬೆರೆತಿದೆ. ಫಿಲಡೆಲ್ಫಿಯಾದ ಸೋಲ್ ಡಿಸ್ಕೋಗೆ ದಾರಿ ಮಾಡಿತು. ಸೋಲ್ ಗಾಯಕ ಜೇಮ್ಸ್ ಬ್ರೌನ್ ರಾಗವನ್ನು ಪಕ್ಕಕ್ಕಿಟ್ಟು ತಾಳಕ್ಕೆ ಜೋತುಬಿದ್ದರು, ಮೊದಲ ಪೆಟ್ಟಿಗೇ ಜಾಸ್ತಿ ಒತ್ತು ಕೊಟ್ಟರು. ಅದು ಫಂಕ್ ಅನ್ನೋ ಹೊಸ ಬಗೆಯ ಸಂಗೀತ ಆಯಿತು.

ಅವರ ‘ಫಂಕಿ ಡ್ರಮ್ಮರ್’ ರೆಕಾರ್ಡ್ ಆಗಿದ್ದು 1969ರಲ್ಲಿ. ಏಳು ನಿಮಿಷದ ಆವೃತ್ತಿ ಹಾಕಿ, ಐದು ನಿಮಿಷ ದಾಟಲಿ. ಸೋಲೋ ಗೀಲೋ ಬೇಡ, ಈಗ ನುಡಿಸ್ತಿರೋದನ್ನೇ ನುಡಿಸು ಅಂತ ಬ್ರೌನ್ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್‌ಗೆ ಹೇಳುತ್ತಾರೆ. ಉಳಿದ ವಾದ್ಯಗಳು ಸುಮ್ಮನಾಗುತ್ತವೆ. ಆಮೇಲೆ ಕೇಳಿಸೋ ಆ ಕೆಲವೇ ಸೆಕೆಂಡುಗಳ ಡ್ರಮ್ಮನ್ನು ಕತ್ತರಿಸಿ, ಸುತ್ತಿ ಸುತ್ತಿ ನುಡಿಸಿ ಸಾವಿರಕ್ಕೂ ಹೆಚ್ಚು ಹಾಡು ಕಟ್ಟಿದ್ದಾರೆ. ರ್‍ಯಾಪ್ ತಂಡ ಪಬ್ಲಿಕ್ ಎನಿಮಿಯ ‘ಫೈಟ್ ದ ಪವರ್’ನಲ್ಲಿ ಅದಿದೆ. ಪಾಪ್ ಗಾಯಕ ಜಾರ್ಜ್ ಮೈಕೆಲ್‌ನ ‘ಫ್ರೀಡಂ 90’ಯಲ್ಲೂ ಇದೆ.

ಹಾಡು ಕಟ್ಟಿದವರು ಅಂತ ದಾಖಲೆಯಲ್ಲಿರೋದು ಬ್ರೌನ್ ಹೆಸರು. ಹಾಗಾಗಿ ರಾಯಲ್ಟಿ ಲೆಕ್ಕದಲ್ಲಿ ಸ್ಟಬಲ್‌ಫೀಲ್ಡ್ ಇಲ್ಲ. ಇದೊಂದು ನನಗೆ ಇವತ್ತಿಗೂ ಸಿಟ್ಟು ಬರಿಸುತ್ತೆ.